ಗೀತನಮನದ ವೇದಿಕೆಯಲ್ಲಿ ಗಿಟಾರು

ಪ್ರಸಿದ್ಧ ಗಾಯಕರೊಬ್ಬರು ಕಾಲವಾದ ಮೇಲೆ ಅವರ ಹಾಡುಗಳನ್ನೇ ಹಾಡಿ ಅವರನ್ನು ನೆನೆಯುವ ರೂಢಿ ನಮ್ಮಲ್ಲಿ ಹೊಸದೇನೂ ಅಲ್ಲ. ಆದರೆ 2020ರ ಸೆಪ್ಟೆಂಬರ್ 25ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೂ, ಮರುವರ್ಷದ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರೂ ನಮ್ಮನ್ನಗಲಿದ ಬಳಿಕ ಈ ರೂಢಿ ಹಳ್ಳಿಹಳ್ಳಿಗೂ ಹಬ್ಬಿದೆ. ಸೊರಬ ತಾಲ್ಲೂಕಿನ ನಮ್ಮ ಉಳವಿಯ ಸುತ್ತಮುತ್ತ ಜಾತ್ರೆಗಾಗಲಿ ಗಣೇಶೋತ್ಸವಕ್ಕಾಗಲಿ ರಸಮಂಜರಿಯೊಂದು ಏರ್ಪಟ್ಟಿತೆಂದರೆ ಅದರಲ್ಲಿ ಗೀತನಮನಕ್ಕೆ ಒಂದು ಪಾಲು ಮೀಸಲು. ಹಾಡುವವನ ಕಂಠ ಮೂಲಕ್ಕೆ ಎಷ್ಟು ಹತ್ತಿರವಾಯಿತೆಂದು ಜನ ಚರ್ಚಿಸುತ್ತಾರೆ. ಅವನ ಹಿಂದೆ ಅರೆಗತ್ತಲಲ್ಲಿ ನಿಂತ ಗಿಟಾರುವಾದಕನ ಕೈಯಲ್ಲೇನಿದೆ, ಕಾಲಬುಡದಲ್ಲೇನಿದೆ ಎಂದು ನೋಡುವವರು ವಿರಳ. ನನಗಾದರೋ ಅದೇ ಹೆಚ್ಚು ವಿಚಾರಾರ್ಹವೆಂದು ತೋರುತ್ತದೆ.

ನಮ್ಮ ಚಿತ್ರಗೀತೆಗಳಿಗೂ ಗಿಟಾರಿಗೂ ಇರುವ ನಂಟು ಸಣ್ಣದಲ್ಲ. 1981ರ ‘ಗೀತಾ’ ಚಿತ್ರಕ್ಕೆ ಸಂಗೀತವಿತ್ತ ಇಳಯರಾಜಾ ಸ್ವತಃ ಗಿಟಾರುವಾದಕರು. ಅದಕ್ಕೆ ಮೊದಲು ನಮ್ಮ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದವರು. ಆದರೂ ಆ ಕಾಲದ ಧ್ವನಿಸುರುಳಿಗಳ ಮೇಲೆ ಗಾಯಕರ, ಕವಿಯ, ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತೇ ಹೊರತು ತಂತಿ ಮೀಟಿದವನ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಹಾಗಾಗಿ ಇಂದಿನ ವಾದಕನು ನಮನ ಸಲ್ಲಿಸುವುದು, ತನಗೇ ತಿಳಿಯದಂತೆ, ಹೆಸರಿಲ್ಲದ ಇನ್ನೊಬ್ಬ ವಾದಕನಿಗೆ.

ಆ ಹಳೆಯ ನಾದವನ್ನು ಬಯಲಿನ ವೇದಿಕೆಗೆ ತರುವುದು ಸುಲಭದ ಕೆಲಸವಲ್ಲ. ವಿದ್ಯುತ್ ಗಿಟಾರಿನಲ್ಲಿ ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತಕ್ಕೆ ಸುತ್ತಿದ ಸುರುಳಿಯೊಂದು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಅದೇ ಸುರುಳಿ ಸುತ್ತಲಿನ ದೀಪಗಳ, ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯನ್ನೂ ಹೀರಿಕೊಳ್ಳುತ್ತದೆ. ಬಣ್ಣದ ದೀಪಗಳಿಲ್ಲದ ರಸಮಂಜರಿಯುಂಟೆ? ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಈ ಸದ್ದನ್ನು ಅಳಿಸುವ ಹಂಬಕರ್ ಎಂಬ ಉಪಾಯವನ್ನು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲೇ ರೂಪಿಸಿದ. ಜನರೇಟರಿನ ಭೂಸಂಪರ್ಕವೇ ಕೆಟ್ಟಿದ್ದರೆ ಮಾತ್ರ ಅದೂ ನೆರವಿಗೆ ಬಾರದು. ಮಲೆನಾಡಿನ ತೇವಕ್ಕೆ ತಂತಿ ತುಕ್ಕು ಹಿಡಿಯುವ, ಮರ ಉಬ್ಬುವ ಕಷ್ಟ ಬೇರೆ.

ಕಾಲಬುಡದ ಪೆಟ್ಟಿಗೆಯದು ಇನ್ನೊಂದು ಕಥೆ. 1974ರಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋ ಯಂತ್ರ ಪ್ರತಿಧ್ವನಿಗಾಗಿ ಟೇಪಿನ ಸುರುಳಿಯನ್ನೇ ಒಳಗೆ ಓಡಿಸುತ್ತಿತ್ತು. ಇಂದು ಆ ಪ್ರತಿಧ್ವನಿಯೂ ಭಾರವಾದ ಆಂಪ್ಲಿಫಯರ್‌ಗಳ ನಾದವೂ ಮಲ್ಟಿ-ಎಫೆಕ್ಟ್ಸ್ ಎಂಬ ಒಂದೇ ಪೆಟ್ಟಿಗೆಯಲ್ಲಿ ಅಂಕಗಣಿತವಾಗಿ ಅಡಗಿ ಕುಳಿತಿವೆ. ವಾದಕನು ಬಸ್ಸಿನಲ್ಲಿ ಗಿಟಾರಿನೊಡನೆ ಅದನ್ನೂ ಹೊತ್ತು ತಂದು ನೇರವಾಗಿ ಮಿಕ್ಸರಿಗೆ ಜೋಡಿಸುತ್ತಾನೆ; ಎಂಬತ್ತರ ದಶಕದ ಹಾಡು ಮುಗಿದು ಪುನೀತರ ಹಾಡು ಮೊದಲಾಗುವಷ್ಟರಲ್ಲಿ ಗುಂಡಿಯೊಂದನ್ನು ತುಳಿದು ನಾದವನ್ನೇ ಬದಲಿಸುತ್ತಾನೆ.

ಇದು ಕಲೆಯಲ್ಲ, ಕಪಟವೆಂದು ಮೂಗು ಮುರಿಯುವವರುಂಟು. ನಾನು ಒಪ್ಪಲಾರೆ. ಪೆಟ್ಟಿಗೆ ಬಣ್ಣವನ್ನಷ್ಟೆ ಕೊಡಬಲ್ಲದು. ತಂತಿಯನ್ನು ಎಳೆಯುವ, ತಡೆಯುವ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಲ್ಲುವ ಬೆರಳು ಅವನದೇ. ಅಪಾಯವಿರುವುದು ಬೇರೆಡೆ. ವಾದ್ಯಗಳೆಲ್ಲವನ್ನೂ ಮೊದಲೇ ಮುದ್ರಿಸಿಟ್ಟ ‘ಟ್ರ್ಯಾಕ್’ ಬಂದಿದೆ. ಅದಕ್ಕೆ ಸಂಭಾವನೆ ಬೇಡ, ಊಟ ಬೇಡ, ಶ್ರುತಿ ಮಾಡಿಕೊಳ್ಳಲು ಸಮಯವೂ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು. ಸರ್ಕಾರ ವಿನಾಯಿತಿಯಿತ್ತರೂ ವರ್ಷಕ್ಕೆ 15 ದಿನ ಮೀರದಂತೆ, ನಡುರಾತ್ರಿಯವರೆಗೆ ಮಾತ್ರ. ನಿಯಮ ಸರಿಯಾದದ್ದೇ. ಆದರೆ ಸನ್ಮಾನ, ಭಾಷಣ, ಹಾರತುರಾಯಿಗಳಲ್ಲಿ ಸಂಜೆಯೆಲ್ಲ ಕಳೆದುಹೋದ ಮೇಲೆ ಆತುರಕ್ಕೆ ಬಿದ್ದ ಸಂಘಟಕನು ಕತ್ತರಿಸುವುದು ವಾದಕರ ಸಮಯವನ್ನು, ಮರುವರ್ಷ ವಾದಕರನ್ನೇ. ತೀರಿಹೋದ ಕಲಾವಿದನ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮ ಬದುಕಿರುವ ಕಲಾವಿದನ ಅನ್ನವನ್ನು ಕಿತ್ತುಕೊಂಡರೆ ಅದನ್ನು ನಮನವೆಂದು ಕರೆಯುವುದು ಹೇಗೆ?

ಮಾಡಬೇಕಾದದ್ದು ಬಹಳವಿಲ್ಲ. ಆಮಂತ್ರಣದಲ್ಲಿ ಗಾಯಕರೊಡನೆ ವಾದಕರ ಹೆಸರೂ ಅಚ್ಚಾಗಲಿ. ಭಾಷಣದಿಂದ ಅರ್ಧ ಗಂಟೆಯನ್ನು ಉಳಿಸಿ ಧ್ವನಿಪರೀಕ್ಷೆಗೆ ಕೊಡಲಿ. ಶಾಮಿಯಾನ ಹಾಕುವ ದಿನವೇ ಭೂಸಂಪರ್ಕದ ಸಲಾಕೆಯನ್ನು ಒದ್ದೆ ನೆಲಕ್ಕೆ ಆಳವಾಗಿ ಹೊಡೆಸಲಿ. ಒದ್ದೆ ನೆಲಕ್ಕಂತೂ ನಮ್ಮ ಸೀಮೆಯಲ್ಲಿ ಬರವಿಲ್ಲ.