ಮೈಗೆ ಬಂದೂಕು ಹೊಂದಬೇಕು, ಬಂದೂಕಿಗೆ ಮೈ ಅಲ್ಲ!

"ಅಜ್ಜನ ಬಂದೂಕಿಗೆ ಗರಗಸ ಹಚ್ಚೋದಾ? ಛೇ!" ಅನ್ನೋರಿಗೆ ನನ್ನದೊಂದು ಪ್ರಶ್ನೆ. ಅದೇ ಅಜ್ಜನ ಕೊಡಲಿಯ ಕಾವು ಮೊಮ್ಮಗನ ಕೈಗೆ ದಪ್ಪ ಆಯ್ತು ಅಂದ್ರೆ ಏನು ಮಾಡ್ತೀರಿ? ನಮ್ಮ ಚಿಕ್ಕನರಗುಂದದ ಕಡೆ ಸೀದಾ ಬಡಿಗೇರ ಹತ್ರ ಒಯ್ದು ಕೆತ್ತಿಸ್ತಾರೆ. ನೇಗಿಲ ಮೇಳಿ ಹಿಡಿಯೋನ ಎತ್ತರಕ್ಕೆ ತಕ್ಕಂಗಿರಬೇಕು ಅನ್ನೋದು ಶಾಲೆ ಮೆಟ್ಟಿಲು ಹತ್ತದ ರೈತನಿಗೂ ಗೊತ್ತು. ಬಂದೂಕಿನ ಮಾತು ಬಂದ ಕೂಡಲೇ ಈ ಬುದ್ಧಿ ಎಲ್ಲಿ ಹೋಗುತ್ತೋ!

1857ರಲ್ಲಿ ಆಯುಧ ಒಪ್ಪಿಸಲ್ಲ ಅಂತ ಹಲಗಲಿಯ ಬೇಡರು ಎದ್ದು ನಿಂತ ಸೀಮೆ ನಮ್ಮದು. ಆಯುಧದ ಮೇಲಿನ ಅಭಿಮಾನ ನನಗೂ ಅರ್ಥ ಆಗುತ್ತೆ. ಆದ್ರೆ ಅಭಿಮಾನ ಬೇರೆ, ಅಳತೆ ಬೇರೆ.

ಭುಜಕ್ಕೆ ಆನಿಸೋ ಕಟ್ಟಿಗೆ ಭಾಗ ಇದೆಯಲ್ಲ, ಅದೇ ಸ್ಟಾಕು. ಟ್ರಿಗರ್‌ನಿಂದ ಸ್ಟಾಕಿನ ಹಿಂತುದಿಯವರೆಗೆ ಸಾಮಾನ್ಯವಾಗಿ 14ರಿಂದ 14½ ಇಂಚು ಇರುತ್ತೆ. ಸಾಧಾರಣ ಎತ್ತರದ ಗಂಡಸಿಗೆ ಅದು ಸರಿ. ಐದಡಿ ಎತ್ತರದವರ ಕೈಗೆ ಕೊಟ್ಟು ನೋಡಿ. ಎತ್ತುವಾಗಲೇ ಕಂಕುಳ ಬಟ್ಟೆಗೆ ಸಿಕ್ಕಿಕೊಳ್ಳುತ್ತೆ. ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂರುತ್ತೆ. ಹಾರಿಸಿದ ಮೇಲೆ ತೋಳು ಕಪ್ಪುಗಟ್ಟುತ್ತೆ. ಇನ್ನೂ ಮುಖ್ಯ ಅಂದ್ರೆ, ಈ ಚರ್ರೆ ಬಂದೂಕಿಗೆ ಸಾಮಾನ್ಯವಾಗಿ ಹಿಂದಿನ ಗುರಿಕಟ್ಟು ಇರಲ್ಲ, ಹಾರಿಸೋರ ಕಣ್ಣೇ ಆ ಗುರಿಕಟ್ಟು. ಕೆನ್ನೆ ಸರಿಯಾದ ಜಾಗದಲ್ಲಿ ಕೂರದಿದ್ರೆ ಗುರಿಯೂ ತಪ್ಪುತ್ತೆ. ತಪ್ಪಿದ ಚರ್ರೆ ಎಲ್ಲಿಗೆ ಹೋಗುತ್ತೆ? ಪಕ್ಕದ ಹೊಲದಲ್ಲಿ ಯಾರಿದ್ದಾರೋ ಯಾರಿಗೆ ಗೊತ್ತು?

ಇಷ್ಟಾದ ಮೇಲೂ ಬರೋ ತೀರ್ಪು ಒಂದೇ: "ಹೆಣ್ಮಕ್ಕಳಿಗೆ ಬಂದೂಕು ಆಗಿಬರಲ್ಲ". ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದೇ ರೋಗ. ಡಿಸೈನ್ ಹಾಳು ಮಾಡಿಟ್ಟು "ಯೂಸರ್ ಎರರ್" ಅಂತ ಷರಾ ಬರೆದು ಕೈ ತೊಳ್ಕೊಳ್ಳೋದು!

ಕೊಡಗನ್ನೇ ನೋಡಿ. ಕೈಲ್‌ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಪಂದ್ಯಗಳಲ್ಲಿ ಹೆಂಗಸರೂ ನಿಲ್ತಾರೆ, ಕಾಯಿ ಒಡೀತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರೋ ಕೋವಿ ಲೈಸೆನ್ಸ್ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಅಲ್ಲಿ ಮನೆಯ ಒಂದೇ ಕೋವಿ ಎತ್ತರದ ಮಾವನ ಕೈಗೂ ಗಿಡ್ಡ ಸೊಸೆಯ ಕೈಗೂ ಬರಬಹುದು. ಆಗ ಯಾರ ಅಳತೆ? ನನ್ನ ಉತ್ತರ: ಗಿಡ್ಡ ಇರೋರದ್ದು. ಗಿಡ್ಡ ಸ್ಟಾಕಿಗೆ ರಬ್ಬರ್ ಪ್ಯಾಡ್ ಹಾಕಿ ಉದ್ದ ಮಾಡಬಹುದು. ಉದ್ದ ಇರೋದನ್ನ ಕೊಯ್ಯದೇ ಗಿಡ್ಡ ಮಾಡೋಕೆ ಆಗುತ್ತಾ?

"ಕತ್ತರಿಸಿದ್ರೆ ಪೊಲೀಸ್ ಕೇಸ್" ಅಂತ ಹೆದರಿಸೋರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಲೈಸೆನ್ಸ್ ಇಲ್ಲದೆ ಮಾಡಬಾರದು ಅನ್ನೋದು ನಳಿಗೆ ಮೊಟಕು ಮಾಡೋದನ್ನ. ನಳಿಗೆ ಬೇರೆ, ಕಟ್ಟಿಗೆ ಬೇರೆ. ಹಾಗಂತ ಬಂದೂಕನ್ನ ಊರ ಬಡಿಗೇರಿಗೆ ಕೊಡಬೇಡಿ. ರಿಪೇರಿಗೂ ಲೈಸೆನ್ಸ್ ಬೇಕು, ಅದಿರೋ ಅಂಗಡಿಗೇ ಒಯ್ಯಿರಿ.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಹಾಕೋ ಪ್ಯಾಡಿನ ದಪ್ಪವನ್ನ ಲೆಕ್ಕಕ್ಕೆ ಹಿಡೀಬೇಕು. ಹಿಂತುದಿಯ ಓರೆ ಕೋನ ಬದಲಾಗಬಾರದು. ಒಮ್ಮೆಗೇ ಕೊಯ್ಯದೆ ಸ್ವಲ್ಪ ಸ್ವಲ್ಪ ತೆಗೀಬೇಕು. ಖಾಲಿ ಬಂದೂಕನ್ನ ಭುಜಕ್ಕಿಟ್ಟಾಗ ಹೆಬ್ಬೆರಳಿಗೂ ಮೂಗಿಗೂ ಎರಡು ಬೆರಳು ಸಂದು ಇದ್ರೆ ಸಾಕು. ಅತಿಯಾಗಿ ಕೊಯ್ದರೆ ಹೆಬ್ಬೆರಳೇ ಮೂಗಿಗೆ ಗುದ್ದುತ್ತೆ! ಕೊಯ್ದ ತುಂಡನ್ನ ಎಸೀಬೇಡಿ, ಬೆಳೆಯೋ ಹುಡುಗ್ರಿಗಾಗಿ ಕೊಯ್ದಿದ್ರೆ ನಾಳೆ ಮತ್ತೆ ಕೂಡಿಸಬಹುದು.

ಮಾರುವಾಗ ಬೆಲೆ ಕಡಿಮೆ ಆಗಬಹುದು, ನಿಜ. ಆದ್ರೆ ಯಾವತ್ತೋ ಬರೋ ಗಿರಾಕಿಗೋಸ್ಕರ ಇವತ್ತು ಹಿಡಿಯೋಳ ಭುಜ ಜಜ್ಜೋದು ಯಾವ ನ್ಯಾಯ? ಅಜ್ಜ ತನ್ನ ಮೈಗೆ ಒಪ್ಪೋ ಬಂದೂಕು ಹಿಡಿದ, ಗುರಿಕಾರ ಅನ್ನಿಸ್ಕೊಂಡ. ಮೊಮ್ಮಗಳಿಗೂ ಅಷ್ಟೇ ಅವಕಾಶ ಕೊಡಿ. ಏನಂತೀರಿ?