ಜೀವಕ್ಕೆ ಎರಡು ದರವೇ?

ಕಾರಿನ ವಿಚಾರ ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಕಾರಿನಲ್ಲಿ ಸಾಹುಕಾರರೇ ಕೂಡುತ್ತಿದ್ದ ಕಾಲ ಎಂದೋ ಹೋಯಿತು. ಮದುವೆಗೆ, ಆಸ್ಪತ್ರೆಗೆ ಬಾಡಿಗೆ ಕಾರು ಹಿಡಿಯುವವರು ನಾವೇ. ಹೊಟ್ಟೆಪಾಡಿಗೆ ಅದನ್ನು ಓಡಿಸುವವನೂ ನಮ್ಮವನೇ. ಸಾಲ ಮಾಡುವ ಚಿಕ್ಕ ವ್ಯಾಪಾರಿ ಕೊಳ್ಳುವುದಂತೂ ಎಲ್ಲಕ್ಕಿಂತ ಅಗ್ಗದ ಕಾರನ್ನೇ. ಆದುದರಿಂದ 2014ರ ಜನವರಿಯಲ್ಲಿ ಹೊರಬಿದ್ದ ಪರೀಕ್ಷೆಯೊಂದನ್ನು ನಾವು ಮರೆಯುವಂತಿಲ್ಲ.

ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ ಆಲ್ಟೊ 800, ನ್ಯಾನೊ, ಫಿಗೊ, ಐ10, ಪೋಲೊ ಎಂಬ ಐದು ಕಾರುಗಳನ್ನು ಗಂಟೆಗೆ 64 ಕಿಲೊಮೀಟರ್ ವೇಗದಲ್ಲಿ ಎದುರಿನ ತಡೆಗೆ ಡಿಕ್ಕಿ ಹೊಡೆಸಿತು. ಒಳಗೆ ಕೂರಿಸಿದ್ದು ತಲೆ, ಎದೆ, ಕಾಲುಗಳಿಗೆ ಬೀಳುವ ಪೆಟ್ಟನ್ನು ಅಳೆಯುವ ಬೊಂಬೆಗಳನ್ನು. ಕಾರು ನಿಂತರೂ ದೇಹ ಅದೇ ವೇಗದಲ್ಲಿ ಮುನ್ನುಗ್ಗುತ್ತದೆ. ಸೀಟ್ ಬೆಲ್ಟು ಅದನ್ನು ಎದೆ, ಸೊಂಟಗಳ ಎಲುಬಿನ ಮೇಲೆ ಹಿಡಿದು ನಿಲ್ಲಿಸಬೇಕು. ತಲೆ ಸ್ಟೇರಿಂಗಿಗೆ ಬಡಿಯದಂತೆ ಗಾಳಿಚೀಲ ಉಬ್ಬಬೇಕು. ಎಲ್ಲವೂ ರೆಪ್ಪೆ ಬಡಿಯುವಷ್ಟರಲ್ಲಿ! ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ ನಕ್ಷತ್ರ ಸೊನ್ನೆ.

ಮೂರು ಕಾರುಗಳ ಒಡಲೇ ಕುಸಿದಿತ್ತು. ಅವಕ್ಕೆ ಗಾಳಿಚೀಲ ಹಾಕಿಯೂ ಫಲವಿರಲಿಲ್ಲ. ಪೋಲೊ ಸಂಗತಿ ಇನ್ನೂ ನಾಚಿಕೆಗೇಡಿನದು. ಅದರ ಒಡಲು ಗಟ್ಟಿಯಾಗಿಯೇ ನಿಂತಿತು. ಎರಡು ಗಾಳಿಚೀಲ ಇಟ್ಟು ಅದೇ ಕಾರನ್ನು ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂತು. ಹೆಚ್ಚು ಹಣ ಕೊಟ್ಟವನಿಗೆ ನಾಲ್ಕು, ಕೊಡಲಾರದವನಿಗೆ ಸೊನ್ನೆ! ಫಲಿತಾಂಶ ಬರುತ್ತಲಿದೆ ಎಂದು ತಿಳಿದ ಕಂಪನಿ ಗಾಳಿಚೀಲವಿಲ್ಲದ ಪೋಲೊವನ್ನು ಇಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅಂದರೆ ಮನಸ್ಸು ಮಾಡಿದ್ದರೆ ಮೊದಲೇ ಆಗುವ ಕೆಲಸವಾಗಿತ್ತು.

ವಿದ್ಯೆಯ ಕೊರತೆಯೇ? ಅದೂ ಅಲ್ಲ. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ 1954ರ ಡಿಸೆಂಬರಿನಲ್ಲಿ ರಾಕೆಟ್ ಬಂಡಿಗೆ ತನ್ನನ್ನೇ ಪಟ್ಟಿಗಳಿಂದ ಬಿಗಿಸಿಕೊಂಡು, ಗಂಟೆಗೆ ಸಾವಿರ ಕಿಲೊಮೀಟರಿಗೂ ಮೀರಿದ ವೇಗದಿಂದ ಎರಡು ಸೆಕೆಂಡಿನೊಳಗೆ ನಿಂತು, ಬದುಕಿ ಬಂದ. ಸರಿಯಾಗಿ ಹಿಡಿದಿಟ್ಟರೆ ದೇಹ ಎಷ್ಟು ತಾಳಬಲ್ಲುದೆಂಬುದು ಆಗಲೇ ಗೊತ್ತಾಯಿತು. 1959ರಲ್ಲಿ ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟನ್ನು, ಪೇಟೆಂಟು ಇದ್ದಾಗ್ಯೂ, ಎಲ್ಲ ತಯಾರಕರೂ ಬಳಸಲು ಬಿಟ್ಟುಕೊಡಲಾಯಿತು.

ನಮ್ಮಲ್ಲಿ ಹೊಸ ಕಾರಿನ ಚಾಲಕನಿಗೆ ಗಾಳಿಚೀಲ ಕಡ್ಡಾಯವಾದುದು 2019ರಲ್ಲಿ, ಪಕ್ಕದವನಿಗೆ 2021ರಲ್ಲಿ. 2023ರ ಅಕ್ಟೋಬರಿನಲ್ಲಿ ಭಾರತ್ ಎನ್‌ಕ್ಯಾಪ್ ಆರಂಭಿಸಿದ ಸರಕಾರ, ನಕ್ಷತ್ರ ಪಡೆಯುವುದನ್ನು ತಯಾರಕರ ಇಚ್ಛೆಗೇ ಬಿಟ್ಟಿತು. ಸೊನ್ನೆ ಬರುವ ಕಾರನ್ನು ಯಾವ ಮಾಲೀಕ ತಾನಾಗಿ ಪರೀಕ್ಷೆಗೆ ಕಳಿಸುತ್ತಾನೆ? ಪರೀಕ್ಷೆ ಕಡ್ಡಾಯವಾಗಲಿ. ಅಂಗಡಿಯಲ್ಲಿ ಬೆಲೆಯ ಚೀಟಿಯ ಪಕ್ಕದಲ್ಲೇ ನಕ್ಷತ್ರದ ಲೆಕ್ಕವೂ ತೂಗಲಿ. ಹಾಗೆಯೇ, ಹಿಂದಿನ ಸೀಟಿನ ಬೆಲ್ಟನ್ನು ಸೀಟ್ ಕವರಿನಡಿ ಹುಗಿದಿಟ್ಟ ಬಾಡಿಗೆ ಕಾರಿನ ಮಾಲೀಕರು ಇಂದೇ ಅದನ್ನು ಹೊರತೆಗೆಯಲಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.