ಸರೋವರ ಸೀಮೆಯ ಲೆಕ್ಕ

ಮ್ಯಾಂಚೆಸ್ಟರ್ ನಗರದ ನಲ್ಲಿಗಳಿಗೆ ಬರುವ ನೀರಿನ ದೊಡ್ಡ ಪಾಲು ಆ ನಗರದ್ದಲ್ಲ. ವಾಯವ್ಯ ಇಂಗ್ಲೆಂಡಿನ ‘ಲೇಕ್ ಡಿಸ್ಟ್ರಿಕ್ಟ್’ ಎಂಬ ಬೆಟ್ಟಗಾಡಿನ ಎರಡು ಸರೋವರಗಳಿಂದ ಅದು ಬರುತ್ತದೆ. ಅವುಗಳಲ್ಲೊಂದಾದ ಥರ್ಲ್‌ಮಿಯರ್‌ನಿಂದ ನಗರದವರೆಗೆ 154 ಕಿ.ಮೀ. ಉದ್ದದ ಸುರಂಗ, ಕಾಲುವೆ, ಕೊಳವೆಗಳ ಮಾರ್ಗವಿದೆ. ಅದರಲ್ಲಿ ಎಲ್ಲಿಯೂ ಪಂಪಿನ ನೆರವಿಲ್ಲದೆ, ಕೇವಲ ಇಳಿಜಾರಿನ ಬಲದಿಂದ, 1894ರಿಂದಲೂ ನೀರು ಹರಿಯುತ್ತಿದೆ. ಮಗಳ ಸಂಸಾರ ಆ ನಗರದಲ್ಲಿರುವುದರಿಂದ ನಾನೂ ಕೆಲವು ತಿಂಗಳು ಆ ನೀರನ್ನು ಕುಡಿದವನು. ಮೇ ತಿಂಗಳಲ್ಲಿ ಒಂಬತ್ತು ದಿನ ಅದರ ಮೂಲದ ಕಡೆಗೆ ಹೋಗಿಬಂದೆ. ಪ್ರವಾಸ ಕಥನ ಬರೆಯುವುದು ನನ್ನ ಉದ್ದೇಶವಲ್ಲ. ಸರೋವರಗಳ ಚೆಲುವನ್ನು ವರ್ಣಿಸಲು ಕವಿಗಳಿದ್ದಾರೆ. ಆ ಚೆಲುವಿನ ಖರ್ಚುವೆಚ್ಚವನ್ನು ಯಾರು ಭರಿಸುತ್ತಿದ್ದಾರೆ ಎಂಬ ಪ್ರಶ್ನೆ ನನ್ನನ್ನು ಕಾಡಿತು.

ನನ್ನ ತಲೆಮಾರಿನ ಕನ್ನಡಿಗರಿಗೆ ಈ ಸೀಮೆ ಅಪರಿಚಿತವಲ್ಲ. ಡ್ಯಾಫೊಡಿಲ್ ಹೂವನ್ನು ಕಣ್ಣಿಂದ ಕಾಣುವ ಮೊದಲೇ ವರ್ಡ್ಸ್‌ವರ್ತ್‌ನ ಪದ್ಯವನ್ನು ಕಂಠಪಾಠ ಮಾಡಿ ಅಂಕ ಗಳಿಸಿದವರು ನಾವು. (ನಾನು ಹೋಗುವ ಹೊತ್ತಿಗೆ ಡ್ಯಾಫೊಡಿಲ್ ಉದುರಿಹೋಗಿತ್ತು. ಅದು ಮಾರ್ಚ್, ಏಪ್ರಿಲ್‌ನ ಹೂವೆಂದು ನಮ್ಮ ಮೇಷ್ಟರು ಹೇಳಿರಲಿಲ್ಲ.) ಗ್ರಾಸ್‌ಮಿಯರ್‌ನಲ್ಲಿ 1799ರ ಡಿಸೆಂಬರ್‌ನಿಂದ 1808ರವರೆಗೆ ಕವಿಯಿದ್ದ ‘ಡವ್ ಕಾಟೇಜ್’ ಎಂಬ ಪುಟ್ಟ ಮನೆಯನ್ನು ಎಲ್ಲರಂತೆ ನಾನೂ ನೋಡಿದೆ. ಸರ್ಕಾರಿ ಸೇವೆಯಲ್ಲಿದ್ದ ನನಗೆ ಅದಕ್ಕಿಂತ ಕುತೂಹಲಕರವೆನಿಸಿದ್ದು ಬೇರೆ ಸಂಗತಿ. 1813ರಿಂದ ಸುಮಾರು ಮೂರು ದಶಕ ಅವನು ಆ ಭಾಗದ ಮುದ್ರಾಂಕ ವಿತರಣಾಧಿಕಾರಿಯಾಗಿದ್ದ. ಮಹಾಕವಿಯ ಮನೆಯ ಒಲೆ ಉರಿದದ್ದು ಸ್ಟ್ಯಾಂಪ್ ಪೇಪರಿನ ಆದಾಯದಿಂದಲೂ ಹೌದು.

ಈ ಕವಿಯಲ್ಲೇ ಸೀಮೆಯ ಮೂಲ ವಿರೋಧಾಭಾಸವೂ ಇದೆ. 1810ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಹಲವು ಆವೃತ್ತಿ ಕಂಡ ತನ್ನ ಸರೋವರ ಕೈಪಿಡಿಯಿಂದ ಅವನು ಜನರನ್ನು ಇಲ್ಲಿಗೆ ಕರೆದ. ಸವಿಯಬಲ್ಲ ಮನಸ್ಸುಳ್ಳ ಪ್ರತಿಯೊಬ್ಬರಿಗೂ ಈ ನೆಲದಲ್ಲಿ ಒಂದು ಬಗೆಯ ಹಕ್ಕಿದೆ ಎಂಬುದು ಅವನ ವಾದವಾಗಿತ್ತು. ಆದರೆ 1844ರಲ್ಲಿ ವಿಂಡರ್‌ಮಿಯರ್ ಕಡೆಗೆ ರೈಲು ಮಾರ್ಗದ ಪ್ರಸ್ತಾಪ ಬಂದಾಗ ಪತ್ರಿಕೆಗೆ ಪತ್ರ ಬರೆದು ಪ್ರತಿಭಟಿಸಿದ. ಗಿರಣಿ ಊರುಗಳ ಕಾರ್ಮಿಕರು ಹಿಂಡಾಗಿ ಬಂದರೆ ಅವರಿಗೂ ಪ್ರಯೋಜನವಿಲ್ಲ, ಪ್ರಕೃತಿಗೂ ಉಳಿಗಾಲವಿಲ್ಲ ಎಂಬುದು ಅವನ ಅಂಜಿಕೆ. ಹಕ್ಕು ಎಲ್ಲರದು, ಆದರೆ ಎಲ್ಲರೂ ಬರಬಾರದು! 1847ರಲ್ಲಿ ರೈಲು ಬಂದೇ ಬಂತು. ಇಂದು ಸುಮಾರು 40 ಸಾವಿರ ಜನ ವಾಸಿಸುವ ಈ ಸೀಮೆಗೆ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಪ್ರವಾಸಿಗರು ಬರುತ್ತಾರೆ. ಕವಿಯ ಅಂಜಿಕೆಯಲ್ಲಿ ವರ್ಗಭೇದದ ವಾಸನೆಯಿದ್ದುದು ನಿಜ. ಅಂಜಿಕೆ ಪೂರ್ತಿ ಸುಳ್ಳಾಗಲಿಲ್ಲವೆಂಬುದೂ ನಿಜ.

ಮೊದಲ ದೊಡ್ಡ ಜಗಳ ನಡೆದದ್ದು ಪ್ರವಾಸಿಗರಿಗಾಗಿ ಅಲ್ಲ, ನೀರಿಗಾಗಿ. ಹತ್ತಿ ಗಿರಣಿಗಳಿಂದ ಬೆಳೆದ ಮ್ಯಾಂಚೆಸ್ಟರಿಗೆ ನೀರು ಸಾಲದಾಯಿತು. ಥರ್ಲ್‌ಮಿಯರ್‌ಗೆ ಅಣೆಕಟ್ಟು ಕಟ್ಟಲು ನಗರಸಭೆ 1879ರಲ್ಲಿ ಸಂಸತ್ತಿನಿಂದ ಕಾಯಿದೆ ಮಾಡಿಸಿಕೊಂಡಿತು. ಕಾನಿಸ್ಟನ್ ಸರೋವರದ ದಂಡೆಯಲ್ಲಿ ನೆಲೆಸಿದ್ದ ಜಾನ್ ರಸ್ಕಿನ್ ಸೇರಿದಂತೆ ಅನೇಕರು ವಿರೋಧಿಸಿದರು, ಸೋತರು. ಆ ಸೋಲಿನಿಂದ ಹುಟ್ಟಿದ್ದು ಸಣ್ಣದೇನಲ್ಲ. ಭಾಷಣದಿಂದ ನೆಲ ಉಳಿಯದು, ಕೊಂಡುಕೊಂಡರೆ ಮಾತ್ರ ಉಳಿದೀತು ಎಂಬ ಅರಿವು ಬಲಿತು, ಪಾದ್ರಿ ಹಾರ್ಡ್‌ವಿಕ್ ರಾನ್‌ಸ್ಲಿ, ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ 1895ರಲ್ಲಿ ‘ನ್ಯಾಷನಲ್ ಟ್ರಸ್ಟ್’ ಸ್ಥಾಪಿಸಿದರು. 1902ರಲ್ಲಿ ಡರ್ವೆಂಟ್ ಸರೋವರದ ದಂಡೆಯ ಬ್ರ್ಯಾಂಡಲ್‌ಹೌ ಎಂಬ ಕಾಡನ್ನು ಸಾರ್ವಜನಿಕ ವಂತಿಗೆಯಿಂದ ಕೊಂಡರು. ಟ್ರಸ್ಟ್ ಪರಭಾರೆ ಮಾಡಲಾಗದ್ದೆಂದು ಘೋಷಿಸಿದ ಭೂಮಿಯನ್ನು ಮಾರುವಂತಿಲ್ಲ ಎಂಬ ಅಧಿಕಾರ 1907ರ ಕಾಯಿದೆಯಿಂದ ದೊರೆಯಿತು. ಇಂದು ಸೀಮೆಯ ಸುಮಾರು ಐದನೇ ಒಂದರಷ್ಟು ನೆಲ ಆ ಸಂಸ್ಥೆಯದು. ಸರ್ಕಾರವೇ ಎಲ್ಲವನ್ನೂ ಮಾಡಬೇಕೆಂದು ನಂಬಿ ಸೇವೆಗೆ ಸೇರಿದ ನನ್ನಂಥವರು ಇದನ್ನು ಗಮನವಿಟ್ಟು ಓದಬೇಕು.

ಹಾಸ್‌ವಾಟರ್‌ನ ಕಥೆ ಬೇರೆ. ಇನ್ನೂ ನೀರು ಬೇಕೆಂದು ಮ್ಯಾಂಚೆಸ್ಟರ್ 1919ರಲ್ಲಿ ಇನ್ನೊಂದು ಕಾಯಿದೆ ಪಡೆಯಿತು. ಅಣೆಕಟ್ಟು ಎದ್ದು ನೀರಿನ ಮಟ್ಟ ಸುಮಾರು 29 ಮೀಟರ್ ಏರಿತು. ಮಾರ್ಡೇಲ್ ಎಂಬ ಹಳ್ಳಿ ಮುಳುಗಿತು. 1935ರಲ್ಲಿ ಅಲ್ಲಿನ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಅದರ ಅಂಗಳದಲ್ಲಿ ಹೂಳಿದ್ದ 97 ಶವಗಳನ್ನು ಹೊರತೆಗೆದು ಹೆಚ್ಚಿನವನ್ನು ಶ್ಯಾಪ್ ಎಂಬ ಊರಿನಲ್ಲಿ ಮತ್ತೆ ಮಣ್ಣು ಮಾಡಿದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ಇಳಿದು ಮಾರ್ಡೇಲ್‌ನ ಗೋಡೆಗಳು, ಸಣ್ಣ ಸೇತುವೆ ಮೇಲೇಳುತ್ತವೆ. ಆಗ ನೋಡಲು ಜನ ಸಾಲುಗಟ್ಟಿ ಬರುತ್ತಾರಂತೆ.

ನಾನು ಹೋದ ದಿನ ಹಳ್ಳಿ ಕಾಣುತ್ತಿರಲಿಲ್ಲ. ಆದರೂ ಆ ದಂಡೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ ಕೆಲಸದಲ್ಲಿ ಕೆಲವು ವರ್ಷ ಕಳೆದವನಿಗೆ ಮುಳುಗಿದ ಊರು ಕಾಣಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿನ ಊರುಗಳಲ್ಲಿ ನೋಟಿಸು ಹಂಚುವಾಗ ಜನ ಮೊದಲು ಕೇಳುತ್ತಿದ್ದುದು ಎಕರೆಗೆಷ್ಟು ಎಂದಲ್ಲ. ಗುಡಿಯ ಗತಿಯೇನು, ಗೋರಿಗಳ ಗತಿಯೇನು ಎಂದು. ಎಕರೆಯ ಮಾತು ಆಮೇಲೆ ಬರುತ್ತಿತ್ತು, ಅದೂ ಪಹಣಿಯಲ್ಲಿ ಹೆಸರಿದ್ದವರಿಗೆ. ಉಳುವವನೊಬ್ಬ, ಪಹಣಿಯಲ್ಲಿರುವವನೊಬ್ಬ ಎಂಬಲ್ಲಿ ಪರಿಹಾರ ಎತ್ತ ಹೋಗುತ್ತದೆಂಬುದನ್ನು ಭೂಸ್ವಾಧೀನದ ಕಚೇರಿಯಲ್ಲಿ ಕುಳಿತ ಯಾರೂ ಬಲ್ಲರು. ಹಾಸ್‌ವಾಟರ್ ಇಂದು ಯಾರು ನೋಡಿದರೂ ಅನಾದಿಯಿಂದ ಹಾಗೆಯೇ ಇದ್ದಂತೆ ತೋರುವ ಸುಂದರ ಸರೋವರ. ಒಂದು ಊರಿನ ನಷ್ಟ ತೊಂಬತ್ತು ವರ್ಷಗಳಲ್ಲಿ ದೃಶ್ಯವಾಗಿ ಮಾರ್ಪಡುತ್ತದೆ. ದೃಶ್ಯವಾದ ಮೇಲೆ ಅದರ ಲೆಕ್ಕ ಕೇಳುವವರಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾವೆಲ್ಲ ಓದಿದ್ದ ಕೇಂಬ್ರಿಡ್ಜ್‌ನ ಪ್ರೊಫೆಸರ್ ಪಿಗೂ ಅವರಿಗೂ ಈ ಸೀಮೆಗೂ ನಂಟಿದೆ. ಪರ್ವತಾರೋಹಣದ ಹುಚ್ಚಿದ್ದ ಅವರು ಬಟರ್‌ಮಿಯರ್ ಸರೋವರದ ಬಳಿ ಮನೆ ಮಾಡಿಕೊಂಡಿದ್ದರು. ಒಬ್ಬನ ಕೆಲಸದಿಂದ ಇನ್ನೊಬ್ಬನಿಗೆ ತಗಲುವ, ಆದರೆ ಮಾರುಕಟ್ಟೆಯ ಬೆಲೆಯಲ್ಲಿ ಸೇರದ ಲಾಭನಷ್ಟಗಳನ್ನು ಕುರಿತು 1920ರ ತಮ್ಮ ‘ಎಕನಾಮಿಕ್ಸ್ ಆಫ್ ವೆಲ್ಫೇರ್’ ಗ್ರಂಥದಲ್ಲಿ ಅವರು ವಿಸ್ತಾರವಾಗಿ ಚರ್ಚಿಸಿದರು. ನಷ್ಟ ತಂದವನಿಗೆ ತೆರಿಗೆ, ಲೆಕ್ಕಕ್ಕೆ ಸಿಗದ ಉಪಕಾರ ಮಾಡಿದವನಿಗೆ ಪ್ರೋತ್ಸಾಹಧನ ಎಂಬುದು ಅದರ ಸಾರ. ಅವರ ಕಿಟಕಿಯಿಂದ ಕಾಣುತ್ತಿದ್ದ ಬೆಟ್ಟಕ್ಕಿಂತ ಒಳ್ಳೆಯ ಉದಾಹರಣೆ ಈ ಸಿದ್ಧಾಂತಕ್ಕೆ ಸಿಗಲಾರದು.

ಏಕೆಂದರೆ ಈ ಬೆಟ್ಟಗಳ ರೂಪವನ್ನು ಕಾಯುತ್ತಿರುವುದು ಕುರಿ ಮತ್ತು ಕುರಿಗಾರ. ‘ಹರ್ಡ್‌ವಿಕ್’ ಎಂಬ ಇಲ್ಲಿನ ಕುರಿತಳಿಯ ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು. ಬೇಲಿಯಿಲ್ಲದ ಬೆಟ್ಟದ ಮೇಲೆ ತನ್ನ ಹಿಂಡಿನ ಎಲ್ಲೆ ಯಾವುದೆಂಬುದನ್ನು ಮರಿ ತಾಯಿಯ ಜೊತೆ ಅಲೆದು ಕಲಿಯುತ್ತದೆ. ಆ ಕಲಿಕೆ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದದ್ದು. ಹಿಂಡು ಒಮ್ಮೆ ಹೋದರೆ ಹೊಸ ಕುರಿಗೆ ಅದನ್ನು ಕಲಿಸುವುದು ವರ್ಷಗಳ ಕೆಲಸ. 2001ರ ಕಾಲುಬಾಯಿ ರೋಗದಲ್ಲಿ ಅಪಾರ ಸಂಖ್ಯೆಯ ಕುರಿಗಳನ್ನು ಕೊಂದಾಗ ಇಲ್ಲಿನವರು ಅಂಜಿದ್ದು ಇದಕ್ಕೇ. ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆ, ಬೋಳುಗುಡ್ಡದ ಹಸಿರು, ಕಣಿವೆಯ ಹುಲ್ಲುಗಾವಲು ಎಲ್ಲವೂ ಆ ದುಡಿಮೆಯ ಫಲ. ಮಕ್ಕಳ ಕಥೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಇದನ್ನು ಅರಿತಿದ್ದರು. ಪುಸ್ತಕಗಳ ಹಣದಿಂದ 1905ರಲ್ಲಿ ಮೊದಲ ಫಾರಂ ಕೊಂಡ ಅವರು 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ಟ್ರಸ್ಟ್‌ಗೆ ಬಿಟ್ಟುಹೋದರು. ಬೆಟ್ಟದ ಫಾರಂಗಳಲ್ಲಿ ಹರ್ಡ್‌ವಿಕ್ ಹಿಂಡುಗಳೇ ಮೇಯುತ್ತಿರಬೇಕೆಂದು ಉಯಿಲಿನಲ್ಲಿ ಬಯಸಿದ್ದರು.

2017ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೂಡ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ನೆಲೆಯಲ್ಲಿ. ನಾಗರಹೊಳೆ, ಬಂಡೀಪುರಗಳ ‘ರಾಷ್ಟ್ರೀಯ ಉದ್ಯಾನ’ ನಮಗೆ ಪರಿಚಿತ. 1972ರ ನಮ್ಮ ಕಾಯಿದೆಯ ಪ್ರಕಾರ ಅಲ್ಲಿ ದನ ಮೇಯುವಂತಿಲ್ಲ, ಜನ ಇರಬಾರದೆಂಬುದೇ ಅದರ ಧೋರಣೆ. 1949ರ ಕಾಯಿದೆಯಡಿ 1951ರಲ್ಲಿ ಆದ ಇಂಗ್ಲೆಂಡಿನ ಈ ರಾಷ್ಟ್ರೀಯ ಉದ್ಯಾನದಲ್ಲಿ ಊರುಗಳಿವೆ, ಶಾಲೆಗಳಿವೆ, ನೆಲದ ಬಹುಭಾಗ ಸರ್ಕಾರದ್ದಲ್ಲ. ಮೇಲುನೋಟಕ್ಕೆ ಇದು ನಮ್ಮದಕ್ಕಿಂತ ಉದಾರ. ಆದರೆ 1995ರ ಕಾಯಿದೆಯನ್ನು ಓದಿದರೆ ಉದ್ಯಾನ ಪ್ರಾಧಿಕಾರಕ್ಕೆ ಎರಡು ಉದ್ದೇಶಗಳು: ಚೆಲುವಿನ ಮತ್ತು ಪರಂಪರೆಯ ರಕ್ಷಣೆ, ಸಾರ್ವಜನಿಕರ ಆನಂದ. ಇವೆರಡಕ್ಕೆ ಘರ್ಷಣೆಯಾದರೆ ರಕ್ಷಣೆಗೇ ಹೆಚ್ಚಿನ ತೂಕ. ಸ್ಥಳೀಯರ ಸಾಮಾಜಿಕ, ಆರ್ಥಿಕ ಹಿತ? ಅದು ಉದ್ದೇಶವಲ್ಲ, ಉದ್ದೇಶಗಳನ್ನು ಸಾಧಿಸುವಾಗ ಗಮನದಲ್ಲಿಡಬೇಕಾದ ಕರ್ತವ್ಯ. ಕಡತ ಬರೆದು ಬದುಕಿದವನಿಗೆ ಈ ಎರಡು ಪದಗಳ ನಡುವಿನ ದೂರ ಗೊತ್ತು.

ಆ ದೂರದಲ್ಲಿಯೇ ಇಲ್ಲಿನ ಯುವಜನರು ಮನೆ ಹುಡುಕುತ್ತಿದ್ದಾರೆ. ದೃಶ್ಯ ಕೆಡದಿರಲೆಂದು ಹೊಸ ಮನೆ ಕಟ್ಟಲು ಬಿಗಿ ನಿರ್ಬಂಧ. ದೃಶ್ಯ ಕೆಡದಿರುವುದರಿಂದಲೇ ಇರುವ ಮನೆಗಳಿಗೆ ನಗರದ ಹಣವಂತರ ಪೈಪೋಟಿ. ಸಂಜೆ ಕೆಲವು ಬೀದಿಗಳಲ್ಲಿ ನಡೆದರೆ ಬಾಗಿಲಿಗೆ ಕೀಲಿಪೆಟ್ಟಿಗೆ ತೂಗುಹಾಕಿದ, ದೀಪವಿಲ್ಲದ ಮನೆಗಳ ಸಾಲು. ನಾವು ತಂಗಿದ್ದ ವಸತಿಗೃಹದ ಹುಡುಗಿ ದಿನವೂ ಮೂವತ್ತು ಮೈಲಿ ದೂರದಿಂದ ಬರುತ್ತಿದ್ದಳು; ಅವಳ ಅಜ್ಜಿ ಹುಟ್ಟಿದ್ದು ಅದೇ ಬೀದಿಯಲ್ಲಂತೆ. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಎರಡನೇ ಮನೆಗಳಿಗೆ ದುಪ್ಪಟ್ಟು ತೆರಿಗೆ ಹಾಕಬಹುದೆಂದಾಗಿದೆ. ಸ್ವಾಗತಾರ್ಹವೇ. ಆದರೆ ಎರಡನೇ ಮನೆಯನ್ನು ಕೊಳ್ಳಬಲ್ಲವನಿಗೆ ಆ ತೆರಿಗೆ ಎಷ್ಟು ನೋವು ಕೊಟ್ಟೀತು?

ಕುರಿಗಾರನ ಸ್ಥಿತಿ ಇನ್ನೂ ನಾಜೂಕು. ಒರಟು ಉಣ್ಣೆಗೆ ಸಿಗುವ ಬೆಲೆ ಅದನ್ನು ಕತ್ತರಿಸುವ ಕೂಲಿಗೂ ಸಾಲದು. ಯುರೋಪಿನ ಒಕ್ಕೂಟದ ಕಾಲದಲ್ಲಿ ಎಕರೆ ಲೆಕ್ಕದಲ್ಲಿ ಬರುತ್ತಿದ್ದ ಸಹಾಯಧನ 2021ರಿಂದ ಹಂತಹಂತವಾಗಿ ನಿಂತುಹೋಯಿತು. ಸಾರ್ವಜನಿಕ ಹಣ ಸಾರ್ವಜನಿಕ ಒಳಿತಿಗೆ ಎಂಬ ಹೊಸ ನೀತಿ ಪಿಗೂ ಅವರಿಗೆ ಮೆಚ್ಚುಗೆಯಾಗುತ್ತಿತ್ತೇನೋ. ಆದರೆ ಅದರ ಮುಖ್ಯ ಯೋಜನೆಯೊಂದಕ್ಕೆ 2025ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಹೊಸ ಅರ್ಜಿ ನಿಲ್ಲಿಸಿದರು. ಹತ್ತು ವರ್ಷದ ಗೋಡೆ, ನೂರು ವರ್ಷದ ಹಿಂಡು ಕಾಯುವವನಿಗೆ ವರ್ಷ ವರ್ಷ ಬದಲಾಗುವ ನಿಯಮಗಳನ್ನು ಕೊಡುವುದು ಆಡಳಿತವಲ್ಲ. ಒಳ್ಳೆಯ ಮಾಲೀಕರೂ ಎಡವುತ್ತಾರೆ. 2016ರಲ್ಲಿ ಬಾರೊಡೇಲ್ ಕಣಿವೆಯ ಥಾರ್ನಿಥ್ವೇಟ್ ಫಾರಂ ಮಾರಾಟಕ್ಕೆ ಬಂದಾಗ ಟ್ರಸ್ಟ್ ಭೂಮಿಯನ್ನು ಮಾತ್ರ ಹೆಚ್ಚಿನ ಬೆಲೆಗೆ ಕೊಂಡು ಮನೆಯನ್ನು ಬಿಟ್ಟಿತು. ಮನೆಯಿಲ್ಲದ ಫಾರಂನಲ್ಲಿ ಕುರಿಗಾರ ಎಲ್ಲಿರಬೇಕು ಎಂಬ ಟೀಕೆ ದೇಶದಾದ್ಯಂತ ಎದ್ದಿತು. ನೆಲವನ್ನು ಪ್ರೀತಿಸುವವರು ಅದರ ಮೇಲೆ ದುಡಿಯುವವರನ್ನು ಮರೆಯುವುದು ಎಷ್ಟು ಸುಲಭ!

ವಿಂಡರ್‌ಮಿಯರ್‌ನ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ: ಬೇಸಿಗೆಯಲ್ಲಿ ಪ್ರವಾಸಿಗರು ತುಂಬಿದಾಗ ಒಳಚರಂಡಿಯ ಹೊರೆ ಏರುತ್ತದೆ, ರಂಜಕ ಸರೋವರ ಸೇರುತ್ತದೆ, ಪಾಚಿ ಕಟ್ಟುತ್ತದೆ. ನೋಡಲು ಬಂದವರಿಂದಲೇ ನೋಟ ಕೆಡುತ್ತಿದೆ.

ಇದಕ್ಕೆ ನನ್ನ ಸಲಹೆ ಸರಳವಾದದ್ದು, ಹಾಗಾಗಿಯೇ ಅಪ್ರಿಯವಾಗಬಹುದು. ರಾತ್ರಿ ತಂಗುವ ಪ್ರತಿ ಪ್ರವಾಸಿಯಿಂದ ಒಂದೆರಡು ಪೌಂಡ್ ಪಡೆಯಬೇಕು. ಬೆಟ್ಟದ ನೀರು ಕುಡಿಯುವ ನಗರಗಳ ನೀರಿನ ಬಿಲ್ಲಿನಲ್ಲಿ ಒಂದು ಪುಟ್ಟ ಬಾಬತ್ತನ್ನು ಪ್ರತ್ಯೇಕವಾಗಿ ತೋರಿಸಬೇಕು. ಎರಡೂ ಲಂಡನ್ನಿನ ಖಜಾನೆಗೆ ಹೋಗದೆ ಸ್ಥಳೀಯ ನಿಧಿಗೆ ಸೇರಬೇಕು. ಅದರ ಬಳಕೆಯೂ ಎರಡಕ್ಕೇ ಮೀಸಲಿರಬೇಕು: ಅಲ್ಲಿಯೇ ದುಡಿಯುವವರಿಗೆ ಬಾಡಿಗೆ ಮನೆ, ಕುರಿಗಾರನಿಗೆ ಹತ್ತು ವರ್ಷದ ನಿಶ್ಚಿತ ಒಪ್ಪಂದ. ಸ್ಕಾಟ್ಲೆಂಡ್ 2024ರಲ್ಲಿಯೇ ಪ್ರವಾಸಿ ತೆರಿಗೆಗೆ ಅವಕಾಶ ನೀಡುವ ಕಾಯಿದೆ ಮಾಡಿದೆ. ಪ್ರವಾಸಿಗರು ಓಡಿಹೋಗುತ್ತಾರೆಂದು ಹೋಟೆಲಿನವರು ಹೇಳುತ್ತಾರೆ. ನಾಲ್ಕು ಪೌಂಡ್ ಕೊಟ್ಟು ಚಹಾ ಕುಡಿದ ನಾನು ಓಡಿಬರಲಿಲ್ಲ. ಮ್ಯಾಂಚೆಸ್ಟರಿಗೆ ಹಿಂತಿರುಗಿದ ಮೇಲೆ ಮಗಳ ಮನೆಯ ನೀರಿನ ಬಿಲ್ಲನ್ನು ತರಿಸಿ ನೋಡಿದೆ. ನೀರು, ಒಳಚರಂಡಿ ಎಂದೆಲ್ಲ ಬಾಬತ್ತುಗಳಿದ್ದವು. ಆ ನೀರು ಯಾವ ಬೆಟ್ಟದ್ದೆಂದು ಎಲ್ಲಿಯೂ ಬರೆದಿರಲಿಲ್ಲ.